ಗುಳಿಗೆ ನಿಲ್ಲಿಸಿದ ಮೇಲೆ: ಜೀವಶಾಸ್ತ್ರದ ಪಾಠ ಅರ್ಧಕ್ಕೇ ಬಿಟ್ಟ ಮಾತು

ದ್ವಿತೀಯ ಪಿಯುಸಿಯಲ್ಲಿ ‘ಸಂತಾನೋತ್ಪತ್ತಿ ಆರೋಗ್ಯ’ ಪಾಠ ಮಾಡಿದ ಉಪನ್ಯಾಸಕರಿಗೆ ಈ ಅನುಭವ ಹೊಸದಲ್ಲ. ಪಾಠ ನಡೆಯುವಷ್ಟು ಹೊತ್ತೂ ತರಗತಿ ತಲೆ ತಗ್ಗಿಸಿ ಕುಳಿತಿರುತ್ತದೆ. ಯಾರೂ ಏನೂ ಕೇಳುವುದಿಲ್ಲ. ‘ಪ್ರಶ್ನೆಗಳಿದ್ದರೆ ಹೆಸರು ಹಾಕದೆ ಚೀಟಿಯಲ್ಲಿ ಬರೆದುಕೊಡಿ’ ಎಂದಾಗ ಮಾತ್ರ ಮೇಜಿನ ಮೇಲೆ ಚೀಟಿಗಳು ಬೀಳುತ್ತವೆ. ಅವುಗಳಲ್ಲಿ ಹೆಚ್ಚುಕಡಿಮೆ ಹೀಗೆ ಇರುವ ಒಂದು ಚೀಟಿ ಇದ್ದೇ ಇರುತ್ತದೆ: ‘ಮದುವೆಯಾದ ಹೊಸದರಲ್ಲಿ ಗುಳಿಗೆ ನುಂಗಿದರೆ ಆಮೇಲೆ ಮಕ್ಕಳಾಗುವುದಿಲ್ಲವಂತೆ, ನಿಜವಾ ಸರ್?’

ಇದು ಪರೀಕ್ಷೆಗಾಗಿ ಕೇಳಿದ ಪ್ರಶ್ನೆಯಲ್ಲ. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಎದುರಿಸುತ್ತಿರುವ ಪ್ರಶ್ನೆ. ನಾಳೆ ಆ ವಿದ್ಯಾರ್ಥಿನಿಯೇ ಎದುರಿಸಬೇಕಾದ ಪ್ರಶ್ನೆ. ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರ ಇದೆಯೇ? ನಮ್ಮ ಪದವಿಪೂರ್ವ ಕಾಲೇಜುಗಳಲ್ಲಿ ಬಳಸುವ ಎನ್‌ಸಿಇಆರ್‌ಟಿ ಪಠ್ಯದ ಈ ಅಧ್ಯಾಯವನ್ನು ಇದೊಂದೇ ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಿದೆ. ಓದಿದಾಗ ಕಂಡ ಕೊರತೆಗಳನ್ನೂ ಅವುಗಳನ್ನು ತರಗತಿಯಲ್ಲಿ ತುಂಬುವ ಬಗೆಯನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಈ ಅಧ್ಯಾಯ ಇರುವುದೇ ದೊಡ್ಡ ಲಾಭ. ಗರ್ಭನಿರೋಧಕಗಳ ಹೆಸರನ್ನೇ ತರಗತಿಯಲ್ಲಿ ಎತ್ತಲಾಗದ ಕಾಲವನ್ನು ನಾವು ಕಂಡಿದ್ದೇವೆ. ಆದ್ದರಿಂದ ಇಲ್ಲಿಯ ಟೀಕೆ ಪಾಠವನ್ನು ತೆಗೆಯಿರಿ ಎನ್ನುವುದಕ್ಕಲ್ಲ, ಪೂರ್ತಿಗೊಳಿಸಿ ಎನ್ನುವುದಕ್ಕೆ.

ಒಂದು ಪದದಲ್ಲಿ ಮುಗಿದ ವಿಷಯ

ಆದರ್ಶ ಗರ್ಭನಿರೋಧಕದ ಗುಣಗಳನ್ನು ಪಠ್ಯ ಪಟ್ಟಿ ಮಾಡುತ್ತದೆ. ಬಳಸಲು ಸುಲಭವಾಗಿರಬೇಕು, ಸುಲಭವಾಗಿ ಸಿಗಬೇಕು, ಪರಿಣಾಮಕಾರಿಯಾಗಿರಬೇಕು, ಅಡ್ಡಪರಿಣಾಮ ಕಡಿಮೆ ಇರಬೇಕು, ಜೊತೆಗೆ ‘ರಿವರ್ಸಿಬಲ್’ ಆಗಿರಬೇಕು. ಅಂದರೆ ಬಳಕೆ ನಿಲ್ಲಿಸಿದರೆ ದೇಹ ಮೊದಲಿನ ಸ್ಥಿತಿಗೆ ಮರಳಬೇಕು. ಮುಂದೆ ಒಂದೊಂದೇ ವಿಧಾನದ ವಿವರಣೆ ಬರುತ್ತದೆ. ಶಸ್ತ್ರಚಿಕಿತ್ಸೆಯ ವಿಧಾನಗಳಲ್ಲಿ ಮರಳುವ ಸಾಧ್ಯತೆ ತೀರ ಕಡಿಮೆ ಎಂದು ಪಠ್ಯ ಹೇಳುತ್ತದೆ. ಆದರೆ ಗುಳಿಗೆ, ಚುಚ್ಚುಮದ್ದು, ಚರ್ಮದಡಿ ಇಡುವ ಕಡ್ಡಿಗಳ ವಿಷಯ ಬಂದಾಗ ಮರಳುವಿಕೆಯ ಪ್ರಸ್ತಾಪವೇ ಇಲ್ಲ. ಮರಳುತ್ತದೆಯೇ, ಎಷ್ಟು ದಿನಕ್ಕೆ, ಎಲ್ಲದರಲ್ಲೂ ಒಂದೇ ವೇಗದಲ್ಲೇ? ವಿದ್ಯಾರ್ಥಿ ಊಹಿಸಿಕೊಳ್ಳಬೇಕು.

ಇಂಥ ಜಾಗ ಖಾಲಿ ಉಳಿಯುವುದಿಲ್ಲ. ಒಂದು ಕಡೆಯಿಂದ ‘ಗುಳಿಗೆ ನುಂಗಿದರೆ ಗರ್ಭಕೋಶ ಒಣಗುತ್ತದೆ’ ಎಂಬ ವದಂತಿ ಬಂದು ತುಂಬುತ್ತದೆ. ಇನ್ನೊಂದು ಕಡೆಯಿಂದ ‘ಏನೂ ಆಗುವುದಿಲ್ಲ, ನಿಲ್ಲಿಸಿದ ತಿಂಗಳೇ ಗರ್ಭ ನಿಲ್ಲುತ್ತದೆ’ ಎಂಬ ಸಮಾಧಾನ. ಎರಡೂ ಸರಿಯಲ್ಲ. ಎರಡರಿಂದಲೂ ನಷ್ಟವಾಗುವುದು ಹೆಂಗಸರಿಗೆ.

ಏಳು ದಿನಗಳ ಅಂತರದಲ್ಲಿ ಅಡಗಿದ ಉತ್ತರ

ಗುಳಿಗೆಯನ್ನು 21 ದಿನ ನುಂಗಿ, 7 ದಿನ ಬಿಟ್ಟು ಮತ್ತೆ ಆರಂಭಿಸಬೇಕೆಂದು ಪಠ್ಯ ಹೇಳುತ್ತದೆ. ಆ 7 ದಿನಗಳಲ್ಲಿ ಮುಟ್ಟಾಗುತ್ತದೆ ಎಂದೂ ಹೇಳುತ್ತದೆ. ಇಲ್ಲಿ ಸ್ವಲ್ಪ ನಿಲ್ಲೋಣ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ‘ಮಾಲಾ-ಎನ್’ ಗುಳಿಗೆಯನ್ನೇ ತೆಗೆದುಕೊಳ್ಳಿ. ಅದರ 21 ಗುಳಿಗೆಗಳಲ್ಲಿ ತಲಾ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಮತ್ತು 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಡೈಯಾಲ್ ಇರುತ್ತವೆ. ಉಳಿದ 7 ಗುಳಿಗೆಗಳಲ್ಲಿ ಇರುವುದು ಕಬ್ಬಿಣಾಂಶ ಮಾತ್ರ. ಹಾರ್ಮೋನು ಗುಳಿಗೆಗಳನ್ನು ನುಂಗುವಾಗ ಮಿದುಳಿನ ಹೈಪೊಥಲಾಮಸ್ ಮತ್ತು ಪಿಟ್ಯುಟರಿ ಗ್ರಂಥಿಗಳಿಗೆ ‘ರಕ್ತದಲ್ಲಿ ಹಾರ್ಮೋನು ಸಾಕಷ್ಟಿದೆ’ ಎಂಬ ಸಂದೇಶ ಹೋಗುತ್ತದೆ. ಪಿಟ್ಯುಟರಿ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಸ್ರವಿಸುವುದನ್ನು ತಗ್ಗಿಸುತ್ತದೆ. ಅಂಡಾಶಯದಲ್ಲಿ ಅಂಡ ಪಕ್ವವಾಗುವುದಿಲ್ಲ, ಅಂಡೋತ್ಸರ್ಗವೂ ನಡೆಯುವುದಿಲ್ಲ. ಗಮನಿಸಿ, ಇಲ್ಲಿ ಯಾವ ಅಂಗವೂ ಕೆಡುವುದಿಲ್ಲ. ಮೇಲಿನಿಂದ ಬರುವ ಆಜ್ಞೆ ಮಾತ್ರ ನಿಂತಿರುತ್ತದೆ.

ಹಾರ್ಮೋನಿಲ್ಲದ 7 ದಿನಗಳಲ್ಲಿ ಏನಾಗುತ್ತದೆ? ಗುಳಿಗೆಯ ಹಾರ್ಮೋನುಗಳು ಕೆಲವೇ ದಿನಗಳಲ್ಲಿ ದೇಹದಿಂದ ಹೊರಹೋಗುತ್ತವೆ. ಆಸರೆ ತಪ್ಪಿದ ಗರ್ಭಾಶಯದ ಒಳಪದರ ಕಳಚುತ್ತದೆ. ಇದು ನೋಡಲು ಮುಟ್ಟಿನಂತೆಯೇ ಇದ್ದರೂ ಅಂಡೋತ್ಸರ್ಗದ ಬೆನ್ನಿಗೆ ಬರುವ ಸಹಜ ಮುಟ್ಟಲ್ಲ. ಹಾರ್ಮೋನು ನಿಂತದ್ದರಿಂದ ಆದ ಸ್ರಾವ. ಅದೇ ವಾರದಲ್ಲಿ ಎಫ್‌ಎಸ್‌ಎಚ್ ಏರತೊಡಗುತ್ತದೆ. ಅಂಡಾಶಯದ ಕೆಲವು ಫಾಲಿಕಲ್‌ಗಳು ಬೆಳೆಯಲು ತೊಡಗುತ್ತವೆ. ಎಂಟನೆಯ ದಿನ ಹೊಸ ಗುಳಿಗೆ ಬಂದು ಆ ಬೆಳವಣಿಗೆಯನ್ನು ತಡೆಯುತ್ತದೆ. ಹೊಸ ಪಟ್ಟಿ ಶುರುಮಾಡುವುದು ತಡವಾದರೆ ಗರ್ಭ ನಿಲ್ಲುವ ಅಪಾಯ ಹೆಚ್ಚು ಎಂದು ವೈದ್ಯರು ಎಚ್ಚರಿಸುವುದು ಇದಕ್ಕಾಗಿಯೇ.

ಅಂದರೆ, ಮರಳುವ ಶಕ್ತಿಯನ್ನು ಅಂಡಾಶಯ ಪ್ರತಿ ತಿಂಗಳೂ ತೋರಿಸುತ್ತಲೇ ಇರುತ್ತದೆ. ಚೀಟಿಯ ಪ್ರಶ್ನೆಗೆ ಅರ್ಧ ಉತ್ತರ ಪಠ್ಯದ ಆ ಒಂದು ಸಾಲಿನಲ್ಲೇ ಇತ್ತು. ‘ಮುಟ್ಟಾಗುತ್ತದೆ’ ಎಂದಷ್ಟೇ ಹೇಳಿದ್ದರಿಂದ ಅದು ಮುಚ್ಚಿಹೋಯಿತು.

ಇನ್ನೊಂದು ನಷ್ಟವೂ ಇದೆ. ಗುಳಿಗೆ ನುಂಗುವಾಗ ತಿಂಗಳು ತಿಂಗಳೂ ಗಡಿಯಾರದಂತೆ ಸ್ರಾವವಾಗುತ್ತದೆ. ಇದನ್ನೇ ತನ್ನ ಸಹಜ ಋತುಚಕ್ರ ಎಂದು ತಿಳಿದವಳಿಗೆ, ಗುಳಿಗೆ ನಿಲ್ಲಿಸಿದ ಮೇಲೆ ಒಂದೆರಡು ಚಕ್ರಗಳು ಏರುಪೇರಾದರೆ ‘ಗುಳಿಗೆಯೇ ಕೆಡಿಸಿತು’ ಎನಿಸುತ್ತದೆ. ಈ ವ್ಯತ್ಯಾಸವನ್ನು ತರಗತಿಯಲ್ಲಿ ವಿವರಿಸಲು ಎರಡು ನಿಮಿಷ ಸಾಕು.

ಒಂದೇ ಸಾಲಿನಲ್ಲಿ ಚುಚ್ಚುಮದ್ದು ಮತ್ತು ಕಡ್ಡಿ

ಪಠ್ಯದ ಮುಖ್ಯ ದೋಷ ಮುಂದಿದೆ. ಪ್ರೊಜೆಸ್ಟೋಜನ್ ಚುಚ್ಚುಮದ್ದನ್ನೂ ಚರ್ಮದಡಿ ಇಡುವ ಕಡ್ಡಿಯನ್ನೂ ಅದು ಒಟ್ಟಿಗೆ ಹೇಳಿ, ಎರಡೂ ಗುಳಿಗೆಯಂತೆಯೇ ಕೆಲಸ ಮಾಡುತ್ತವೆ, ಪರಿಣಾಮದ ಅವಧಿ ಮಾತ್ರ ದೀರ್ಘ ಎಂದು ಮುಗಿಸುತ್ತದೆ. ಗರ್ಭ ತಡೆಯುವ ದೃಷ್ಟಿಯಿಂದ ಇದು ಬಹುಮಟ್ಟಿಗೆ ಸರಿ. ನಿಲ್ಲಿಸುವ ದೃಷ್ಟಿಯಿಂದ ಇವೆರಡಕ್ಕೂ ಅಜಗಜಾಂತರ.

ಕಡ್ಡಿಯನ್ನು ತೆಗೆದರೆ ಹಾರ್ಮೋನಿನ ಮೂಲವೇ ಹೊರಗೆ ಬಂದಂತೆ. ಕೆಲವೇ ದಿನಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಇಳಿದುಹೋಗುತ್ತದೆ. ಗರ್ಭಾಶಯದಲ್ಲಿಡುವ ಹಾರ್ಮೋನು ವಂಕಿಯದೂ ಇದೇ ಕಥೆ. ಚುಚ್ಚುಮದ್ದನ್ನು ಹೀಗೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ. 2017ರಲ್ಲಿ ‘ಅಂತರಾ’ ಎಂಬ ಹೆಸರಿನಲ್ಲಿ ಸರ್ಕಾರಿ ಕುಟುಂಬ ಯೋಜನೆಯೊಳಗೆ ಬಂದ ಮೆಡ್ರಾಕ್ಸಿಪ್ರೊಜೆಸ್ಟೆರೋನ್ ಅಸಿಟೇಟ್, ನೀರಿನಲ್ಲಿ ಸುಲಭವಾಗಿ ಕರಗದ ಸೂಕ್ಷ್ಮ ಹರಳುಗಳ ರೂಪದಲ್ಲಿರುತ್ತದೆ. ಸ್ನಾಯುವಿಗೆ ಚುಚ್ಚಿದ 150 ಮಿಲಿಗ್ರಾಂ ಔಷಧ ಅಲ್ಲೇ ಗುಪ್ಪೆಯಾಗಿ ನಿಂತು ನಿಧಾನವಾಗಿ ಕರಗುತ್ತದೆ. ಮೂರು ತಿಂಗಳಿಗೊಮ್ಮೆ ಚುಚ್ಚಬೇಕೆಂಬುದು ರಕ್ಷಣೆಯಲ್ಲಿ ಲೋಪ ಬರದಿರಲಿ ಎಂದು ಇಟ್ಟ ಲೆಕ್ಕ. ಮೂರು ತಿಂಗಳು ತುಂಬಿದ ದಿನವೇ ಔಷಧ ಮುಗಿಯುತ್ತದೆ ಎಂದಲ್ಲ.

ಇದರ ಬಗ್ಗೆ 1980ರಲ್ಲಿ ಪ್ರಕಟವಾದ, ಥಾಯ್ಲೆಂಡಿನ ಉತ್ತರ ಭಾಗದಲ್ಲಿ ನಡೆದ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ಕೊನೆಯ ಚುಚ್ಚುಮದ್ದಿನ ಅಂದಾಜು ಪ್ರಭಾವದ ಅವಧಿ ಮುಗಿದ ಬಳಿಕ, ಗರ್ಭ ನಿಲ್ಲಲು ಹಿಡಿದ ಮಧ್ಯಾಂಕ ಅವಧಿ 5.5 ತಿಂಗಳು. ವಂಕಿ ತೆಗೆಸಿದವರಲ್ಲಿ ಇದು 4.5 ತಿಂಗಳು. ಕೊನೆಯ ಚುಚ್ಚುಮದ್ದಿನ ದಿನದಿಂದ ಎಣಿಸಿದರೆ ಸುಮಾರು 9ರಿಂದ 10 ತಿಂಗಳು. ಗರ್ಭ ಧರಿಸಿದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಒಂದೂವರೆ ವರ್ಷದೊಳಗೆ ಧರಿಸುತ್ತಾರೆಂಬುದು ಈ ಔಷಧದ ಅಧಿಕೃತ ಮಾಹಿತಿಯಲ್ಲೇ ಇದೆ. ಎಷ್ಟು ವರ್ಷ ಚುಚ್ಚಿಸಿಕೊಂಡರು ಎಂಬುದಕ್ಕೂ ಈ ವಿಳಂಬಕ್ಕೂ ಸಂಬಂಧ ಕಾಣುವುದಿಲ್ಲ. ಅಂದರೆ ಇದು ಹಾನಿಯಲ್ಲ, ಹರಳುಗಳು ಕರಗಲು ಬೇಕಾದ ಸಮಯ.

ಈಗ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ಮೊದಲ ಮಗುವಾದ ಮೇಲೆ ಎರಡು ವರ್ಷ ಚುಚ್ಚುಮದ್ದು ಪಡೆದು, ಎರಡನೆಯ ಮಗುವಿಗಾಗಿ ನಿಲ್ಲಿಸಿದ್ದಾಳೆ. ಎಂಟು ತಿಂಗಳಾದರೂ ಗರ್ಭ ನಿಂತಿಲ್ಲ. ಮನೆಯವರ ಮಾತು ಶುರುವಾಗುತ್ತದೆ. ಈ ವಿಳಂಬ ನಿರೀಕ್ಷಿತವೇ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಅವಳ ಎಂಟು ತಿಂಗಳ ಸಂಕಟ ತಪ್ಪುತ್ತಿತ್ತು. ಒಂದು ವರ್ಷದೊಳಗೇ ಮಗು ಬೇಕೆಂದಿದ್ದರೆ ಅವಳು ಬೇರೆ ವಿಧಾನ ಆರಿಸಿಕೊಳ್ಳುತ್ತಿದ್ದಳು. ನಾಳೆ ಆಶಾ ಕಾರ್ಯಕರ್ತೆಯೋ ಶುಶ್ರೂಷಕಿಯೋ ಆಗಿ ಅವಳಿಗೆ ಸಲಹೆ ಕೊಡುವವಳು ಇಂದು ನಿಮ್ಮ ತರಗತಿಯ ಬೆಂಚಿನಲ್ಲಿ ಕುಳಿತಿರಬಹುದು. ಪಠ್ಯದ ಒಂದು ಸಾಲು ಇಷ್ಟು ದೂರ ಹೋಗುತ್ತದೆ.

ಅಂಕಿಗಳನ್ನು ಓದುವ ಬಗೆ

ಇನ್ನು ಗುಳಿಗೆಯ ಅಂಕಿ ಅಂಶ. ಅದಕ್ಕೆ ಮೊದಲು ವಿದ್ಯಾರ್ಥಿಗಳಿಂದ ಒಂದು ಲೆಕ್ಕ ಮಾಡಿಸಿ. ಯಾವ ಗರ್ಭನಿರೋಧಕವನ್ನೂ ಬಳಸದ, ಆರೋಗ್ಯವಂತರಾದ 100 ದಂಪತಿಗಳು. ಪ್ರತಿ ತಿಂಗಳು ಗರ್ಭ ನಿಲ್ಲುವ ಸಂಭವನೀಯತೆ 0.2 ಎಂದಿರಲಿ. ಮೊದಲ ತಿಂಗಳ ನಂತರ ಕಾಯುತ್ತಿರುವವರು 80. ಎರಡನೆಯದರ ನಂತರ 64. ಮೂರು ತಿಂಗಳಾದಾಗ ಸುಮಾರು 51, ಆರು ತಿಂಗಳಿಗೆ 26, ಹನ್ನೆರಡು ತಿಂಗಳಿಗೆ 7. ಯಾವ ತೊಂದರೆಯೂ ಇಲ್ಲದ ದಂಪತಿಗಳಲ್ಲೇ ಅರ್ಧದಷ್ಟು ಮಂದಿ ಮೂರು ತಿಂಗಳಾದರೂ ಕಾಯುತ್ತಿರುತ್ತಾರೆ! ‘ಗುಳಿಗೆ ಬಿಟ್ಟು ಮೂರು ತಿಂಗಳಾಯಿತು, ಇನ್ನೂ ಆಗಲಿಲ್ಲ’ ಎಂಬ ಗಾಬರಿಗೆ ಈ ಲೆಕ್ಕವೇ ಮೊದಲ ಮದ್ದು.

2009ರಲ್ಲಿ ಪ್ರಕಟವಾದ ಯೂರೋಪಿನ ಒಂದು ದೊಡ್ಡ ಅಧ್ಯಯನ, ಗರ್ಭ ಬಯಸಿ ಗುಳಿಗೆ ನಿಲ್ಲಿಸಿದ 2,064 ಮಹಿಳೆಯರನ್ನು ಗಮನಿಸಿತು. ಮೊದಲ ಚಕ್ರದಲ್ಲೇ ಗರ್ಭ ಧರಿಸಿದವರು ಶೇಕಡಾ 21.1. ಒಂದು ವರ್ಷದೊಳಗೆ ಶೇಕಡಾ 79.4. ಚುರುಕಾದ ವಿದ್ಯಾರ್ಥಿ ಇಲ್ಲಿ ತಡೆದು ಕೇಳಬೇಕು: ಮೊದಲ ತಿಂಗಳು 21 ಎಂದಾದರೆ ನಮ್ಮ ಲೆಕ್ಕದಂತೆ ವರ್ಷಕ್ಕೆ 94 ಆಗಬೇಕಿತ್ತಲ್ಲ? ಉಳಿದ 15 ಎಲ್ಲಿ ಹೋಯಿತು? ಉತ್ತರವನ್ನು ಗುಳಿಗೆಯಲ್ಲಿ ಹುಡುಕಬೇಕಿಲ್ಲ. ಎಲ್ಲ ದಂಪತಿಗಳ ಸಂಭವನೀಯತೆ ಒಂದೇ ಎಂದು ನಾವು ಹಿಡಿದದ್ದು ತಪ್ಪು. ಬೇಗ ಗರ್ಭ ಧರಿಸುವವರು ಮೊದಲ ತಿಂಗಳುಗಳಲ್ಲೇ ಗುಂಪಿನಿಂದ ಹೊರಬೀಳುತ್ತಾರೆ. ಉಳಿಯುವವರಲ್ಲಿ ವಯಸ್ಸು ಹೆಚ್ಚಾದವರು, ಬೇರೆ ತೊಂದರೆ ಇರುವವರು ಸೇರಿರುತ್ತಾರೆ. ಗುಳಿಗೆಯನ್ನೇ ನುಂಗದ ದಂಪತಿಗಳಲ್ಲೂ ವರ್ಷದೊಳಗೆ ಗರ್ಭ ಧರಿಸುವವರು 100ಕ್ಕೆ 80ರಿಂದ 85 ಮಾತ್ರ. 2018ರಲ್ಲಿ ಇಥಿಯೋಪಿಯಾದ ಇಬ್ಬರು ಸಂಶೋಧಕರು ಹಾರ್ಮೋನು ವಿಧಾನ ಮತ್ತು ವಂಕಿಗಳ ಮೇಲಿನ 22 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಬಂದದ್ದೂ ಶೇಕಡಾ 83.1.

ಹಾಗಾದರೆ ವಿಳಂಬವೇ ಇಲ್ಲವೇ? ಇದೆ, ಅಲ್ಪ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವರದಿ ಡೆನ್ಮಾರ್ಕ್ ಮತ್ತು ಉತ್ತರ ಅಮೆರಿಕದ ಸುಮಾರು 18 ಸಾವಿರ ಮಹಿಳೆಯರದು. ಸಹಜ ಮಟ್ಟಕ್ಕೆ ಮರಳಲು ಚುಚ್ಚುಮದ್ದಿನ ನಂತರ 5ರಿಂದ 8 ಚಕ್ರ, ಚರ್ಮದ ಮೇಲೆ ಅಂಟಿಸುವ ಪಟ್ಟಿಯ ನಂತರ 4, ಗುಳಿಗೆಯ ನಂತರ 3, ವಂಕಿ ಮತ್ತು ಕಡ್ಡಿಯ ನಂತರ 2 ಚಕ್ರ ಬೇಕಾಯಿತು. ಬಳಕೆಯ ಅವಧಿ ಹೆಚ್ಚಿದಷ್ಟೂ ಹಾನಿ ಹೆಚ್ಚು ಎಂಬುದಕ್ಕೆ ಆಧಾರ ಸಿಗಲಿಲ್ಲ. ಆದ್ದರಿಂದ ‘ನಿಲ್ಲಿಸಿದ ತಿಂಗಳೇ ಎಲ್ಲ ಮೊದಲಿನಂತೆ’ ಎಂಬ ಸಮಾಧಾನವೂ ಪೂರ್ಣ ಸತ್ಯವಲ್ಲ.

ಎಲ್ಲ ಅಧ್ಯಯನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇಂಗ್ಲೆಂಡಿನ ಏವನ್ ಪ್ರದೇಶದ 2002ರ ಒಂದು ವರದಿ, ಐದು ವರ್ಷಕ್ಕಿಂತ ಹೆಚ್ಚು ಕಾಲ ಗುಳಿಗೆ ನುಂಗಿದವರಲ್ಲಿ ಗರ್ಭಧಾರಣೆಯ ವಿಳಂಬ ಕಡಿಮೆ ಎಂದಿತು. ಹಾಗಾದರೆ ಗುಳಿಗೆ ಫಲವಂತಿಕೆಯನ್ನು ಹೆಚ್ಚಿಸುತ್ತದೆಯೇ? ಅವಸರ ಬೇಡ. ಆ ಅಧ್ಯಯನದಲ್ಲಿದ್ದವರೆಲ್ಲ ಆಗಲೇ ಗರ್ಭಿಣಿಯರಾಗಿದ್ದವರು. ಗರ್ಭವೇ ನಿಲ್ಲದವರು ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇಂಥ ದತ್ತಾಂಶದಿಂದ ಬಂಜೆತನದ ಬಗ್ಗೆ ತೀರ್ಪು ಕೊಡುವುದು, ಪಾಸಾದವರನ್ನು ಮಾತ್ರ ಕೇಳಿ ಪರೀಕ್ಷೆ ಸುಲಭವಿತ್ತೆಂದು ಹೇಳಿದಂತೆ. ಹಾಗೆಯೇ, 1978ರ ಆಕ್ಸ್‌ಫರ್ಡ್ ಅಧ್ಯಯನ ತೋರಿಸಿದ ತಾತ್ಕಾಲಿಕ ವಿಳಂಬವನ್ನು ಓದುವಾಗ, ಅಂದಿನ ಗುಳಿಗೆಗಳಲ್ಲಿ ಹಾರ್ಮೋನಿನ ಪ್ರಮಾಣ ಇಂದಿಗಿಂತ ಹೆಚ್ಚಿತ್ತೆಂಬುದನ್ನು ನೆನಪಿಡಬೇಕು. 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕವಾಗಿ ಒಪ್ಪಿಗೆ ಪಡೆದ ಮೊದಲ ಗುಳಿಗೆಯಲ್ಲಿ ಈಸ್ಟ್ರೋಜೆನ್ ವರ್ಗದ ಸಂಯುಕ್ತ 150 ಮೈಕ್ರೋಗ್ರಾಂ ಇತ್ತು. ಮಾಲಾ-ಎನ್‌ನಲ್ಲಿರುವುದು 30.

ಕಾಗೆ ಕೂತದ್ದು, ಕೊಂಬೆ ಮುರಿದದ್ದು

ಇಷ್ಟಿದ್ದರೂ ‘ನಮ್ಮ ಸಂಬಂಧಿಕಳೊಬ್ಬಳಿಗೆ ಗುಳಿಗೆಯಿಂದಲೇ ಮಕ್ಕಳಾಗಲಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದು ನಿಜ. ಕಾರಣ ಕಟ್ಟಿದ್ದು ಮಾತ್ರ ತಪ್ಪು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಯ ಭಾರಕ್ಕೇ ಮುರಿಯಿತು ಎನ್ನುವುದು ಮನುಷ್ಯ ಸಹಜ. ಇಲ್ಲಿ ಮುಖ್ಯವಾಗಿ ಎರಡು ‘ಕಾಗೆ’ಗಳಿವೆ.

ಮೊದಲನೆಯದು ವಯಸ್ಸು. 26ಕ್ಕೆ ಗುಳಿಗೆ ಆರಂಭಿಸಿ 35ಕ್ಕೆ ನಿಲ್ಲಿಸಿದವಳಿಗೆ ಒಂಬತ್ತು ವರ್ಷ ಕಳೆದಿರುತ್ತದೆ. ಗುಳಿಗೆ ಅಂಡೋತ್ಸರ್ಗವನ್ನು ತಡೆಯುತ್ತದೆ, ಕಾಲವನ್ನು ತಡೆಯುವುದಿಲ್ಲ. ಅಂಡಾಶಯದಲ್ಲಿ ಹುಟ್ಟಿನಿಂದ ಇರುವ ಅಂಡಗಳ ಸಂಖ್ಯೆ ಗುಳಿಗೆ ನುಂಗಿದರೂ ನುಂಗದಿದ್ದರೂ ಕುಗ್ಗುತ್ತಲೇ ಇರುತ್ತದೆ. ಕಾಂಡೋಮ್ ಬಳಸಿ ಒಂಬತ್ತು ವರ್ಷ ಕಾಯ್ದವಳಿಗೂ ಇದೇ ಪರಿಸ್ಥಿತಿ.

ಎರಡನೆಯದು ಮರೆಯಲ್ಲಿದ್ದ ತೊಂದರೆ. ಮುಟ್ಟು ಏರುಪೇರಾಗುತ್ತದೆ ಎಂದು ವೈದ್ಯರು ಗುಳಿಗೆ ಬರೆದುಕೊಡುವುದುಂಟು. ಪಿಸಿಓಎಸ್ ಎಂದು ನಾವು ಇಂದು ಆಗಾಗ ಕೇಳುವ ಸ್ಥಿತಿಯಲ್ಲಿ ಅಂಡೋತ್ಸರ್ಗವೇ ಸರಿಯಾಗಿ ಆಗುವುದಿಲ್ಲ. ಗುಳಿಗೆ ನುಂಗುವಷ್ಟು ಕಾಲ ಸ್ರಾವ ಕ್ರಮವಾಗಿ ಬಂದು ಮೂಲ ತೊಂದರೆ ಕಾಣಿಸುವುದಿಲ್ಲ. ನಿಲ್ಲಿಸಿದೊಡನೆ ಹಳೆಯ ಏರುಪೇರು ಮತ್ತೆ ತಲೆಯೆತ್ತುತ್ತದೆ. ದೂರು ಗುಳಿಗೆಯ ಮೇಲೆ ಬೀಳುತ್ತದೆ, ಚಿಕಿತ್ಸೆ ಬೇಕಾದ ನಿಜವಾದ ಕಾರಣ ಹಾಗೇ ಉಳಿಯುತ್ತದೆ. ಚಿಕಿತ್ಸೆ ತಡವಾಗುವುದೇ ಈ ತಪ್ಪು ತರ್ಕದ ದೊಡ್ಡ ಅಪಾಯ.

ಬಂಜೆತನದ ಪುಟದಲ್ಲಿ

ಅಧ್ಯಾಯದ ಕೊನೆಯಲ್ಲಿ ಬಂಜೆತನದ ಭಾಗವಿದೆ. ಗರ್ಭನಿರೋಧಕಗಳ ಭಾಗಕ್ಕೂ ಇದಕ್ಕೂ ಯಾವ ಕೊಂಡಿಯೂ ಇಲ್ಲ. ಎಷ್ಟು ಕಾಲ ಪ್ರಯತ್ನಿಸಿದ ಮೇಲೆ ಬಂಜೆತನ ಎನ್ನಬೇಕು ಎಂಬುದು ಪಾಠದ ಒಡಲಲ್ಲಿಲ್ಲ. ನನ್ನ ಮುಂದಿರುವ ಮುದ್ರಣದ ಸಾರಾಂಶದಲ್ಲಿ ಎರಡು ವರ್ಷ ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ 12 ತಿಂಗಳು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕೆಂಬುದು ಇಂದಿನ ಸಲಹೆ. 36 ವರ್ಷದ ಮಹಿಳೆ ಪಠ್ಯ ನಂಬಿ ಎರಡು ವರ್ಷ ಕಾದರೆ ಆಗುವ ನಷ್ಟವನ್ನು ನೀವೇ ಯೋಚಿಸಿ.

ಮಕ್ಕಳಾಗದಿದ್ದರೆ ನಮ್ಮಲ್ಲಿ ಹೆಣ್ಣನ್ನೇ ದೂರುತ್ತಾರೆ ಎಂದು ಪಠ್ಯ ಹೇಳುವುದು ಮೆಚ್ಚಬೇಕಾದ ಮಾತು. ಆದರೆ ಅದರ ಬೆನ್ನಿಗೇ, ಹೆಚ್ಚಿನ ವೇಳೆ ದೋಷವಿರುವುದು ಗಂಡಿನಲ್ಲಿ ಎಂದುಬಿಡುತ್ತದೆ. ಒಂದು ಅನ್ಯಾಯವನ್ನು ತಿದ್ದಲು ಇನ್ನೊಂದು ಅತಿಶಯೋಕ್ತಿ ಬೇಕಿಲ್ಲ. ಗಂಡಿನ ಕಡೆಯ ಕಾರಣ, ಒಂಟಿಯಾಗಿಯೋ ಹೆಣ್ಣಿನ ಕಡೆಯ ಕಾರಣದ ಜೊತೆಗೂಡಿಯೋ, ಅರ್ಧಕ್ಕೆ ಹತ್ತಿರದಷ್ಟು ದಂಪತಿಗಳಲ್ಲಿ ಇರುತ್ತದೆ. ವಿಜ್ಞಾನದ ನ್ಯಾಯಕ್ಕೆ ಅಷ್ಟೇ ಸಾಕು: ಇಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅವಳು ನುಂಗಿದ ಗುಳಿಗೆಯ ವಿಚಾರಣೆ ನಡೆಸುವ ಮೊದಲು ಅವನ ವೀರ್ಯ ಪರೀಕ್ಷೆ ಆಗಲಿ. ಅದು ಸರಳ, ನೋವಿಲ್ಲದ ಪರೀಕ್ಷೆ.

ನಾವು ಮಾಡಬಹುದಾದದ್ದು

ಪಠ್ಯ ಪರಿಷ್ಕರಣೆಯಾಗುವವರೆಗೆ ಕಾಯಬೇಕಿಲ್ಲ. ಕಪ್ಪುಹಲಗೆಯ ಮೇಲೆ ನಾಲ್ಕು ಮಾತು ಬರೆದರೆ ಸಾಕು.

ಒಂದು, ಹಾರ್ಮೋನು ಗರ್ಭನಿರೋಧಕಗಳು ಶಾಶ್ವತ ಬಂಜೆತನ ತರುವುದಿಲ್ಲ. ಮರಳುವ ವೇಗ ಮಾತ್ರ ವಿಧಾನದಿಂದ ವಿಧಾನಕ್ಕೆ ಬೇರೆ, ಚುಚ್ಚುಮದ್ದಿನಲ್ಲಿ ಅದು ನಿಧಾನ.

ಎರಡು, ಗುಳಿಗೆ ನಿಲ್ಲಿಸಿ ಗರ್ಭಕೋಶ ‘ಶುದ್ಧಿ’ಯಾಗಲೆಂದು ತಿಂಗಳುಗಟ್ಟಲೆ ಕಾಯುವ ಅಗತ್ಯವಿಲ್ಲ. ಹಾಗೆಯೇ, ಗರ್ಭ ನಿಲ್ಲಲು ಹೇಗೂ ತಡವಾಗುತ್ತದೆ ಎಂದು ಮೈಮರೆಯುವಂತೆಯೂ ಇಲ್ಲ. ನಿಲ್ಲಿಸಿದ ಮೇಲಿನ ಮೊದಲ ಮುಟ್ಟಿಗೆ ಮುಂಚೆಯೇ ಅಂಡೋತ್ಸರ್ಗವಾಗಿ ಗರ್ಭ ನಿಲ್ಲಬಹುದು. ಆದ್ದರಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗುಳಿಗೆ ನಿಲ್ಲಿಸುವ ಮೊದಲೇ ವೈದ್ಯರ ಸಲಹೆಯಂತೆ ಆರಂಭಿಸುವುದು ಜಾಣತನ. ಭ್ರೂಣದ ನರನಾಳ ಮುಚ್ಚಿಕೊಳ್ಳುವುದು ಗರ್ಭಧಾರಣೆಯ ಸುಮಾರು ನಾಲ್ಕು ವಾರಗಳೊಳಗೆ, ಎಷ್ಟೋ ಸಲ ತಾನು ಗರ್ಭಿಣಿ ಎಂದು ತಾಯಿಗೆ ತಿಳಿಯುವ ಮೊದಲು.

ಮೂರು, ಗುಳಿಗೆ ನಿಲ್ಲಿಸಿ ಮೂರು ತಿಂಗಳಾದರೂ ಮುಟ್ಟು ಮರಳದಿದ್ದರೆ ವೈದ್ಯರನ್ನು ಕಾಣಬೇಕು. ಗುಳಿಗೆಯನ್ನು ದೂರುವುದಕ್ಕಲ್ಲ, ಮರೆಯಲ್ಲಿರುವ ಕಾರಣ ಹುಡುಕುವುದಕ್ಕೆ.

ನಾಲ್ಕು, ಗುಳಿಗೆ ಎಲ್ಲರಿಗೂ ಹೊಂದುವುದಿಲ್ಲ. ರಕ್ತದ ಒತ್ತಡ, ರಕ್ತ ಹೆಪ್ಪುಗಟ್ಟುವ ತೊಂದರೆ, ಕೆಲವು ಬಗೆಯ ಅರೆತಲೆನೋವು ಇರುವವರು ವೈದ್ಯರನ್ನು ಕೇಳದೆ ನುಂಗಬಾರದು. ಫಲವಂತಿಕೆಯ ಬಗೆಗಿನ ಸುಳ್ಳು ಭಯವನ್ನು ಅಳಿಸುವಾಗ ಈ ನಿಜವಾದ ಎಚ್ಚರಿಕೆಗಳನ್ನೂ ಅಳಿಸಿಬಿಡಬಾರದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು ವಿವಾಹಿತ ಮಹಿಳೆಯರು ಅವಲಂಬಿಸಿರುವುದು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು. ಮರಳಬಲ್ಲ ವಿಧಾನಗಳ ಪಾಲು ಚಿಕ್ಕದು. ಬೇಗ ಹೆತ್ತು, ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಈ ಹಾದಿಗೆ ಕಾರಣಗಳು ಹಲವು. ‘ಗುಳಿಗೆ ನುಂಗಿದರೆ ಮಕ್ಕಳಾಗುವುದಿಲ್ಲ’ ಎಂಬ ಭಯಕ್ಕೂ ಅವುಗಳಲ್ಲಿ ಒಂದು ಜಾಗವಿದ್ದರೆ, ಅದನ್ನು ತೆಗೆಯುವ ಕೆಲಸ ತರಗತಿಯಲ್ಲೇ ಆಗಬಹುದು. ಮುಂದಿನ ವರ್ಷ ಆ ಚೀಟಿ ಮತ್ತೆ ನಿಮ್ಮ ಮೇಜಿಗೆ ಬರುತ್ತದೆ. ಅದನ್ನು ಮಡಚಿ ಪಕ್ಕಕ್ಕಿಡಬೇಡಿ. ಗಟ್ಟಿಯಾಗಿ ಓದಿ, ಆ ನೂರು ದಂಪತಿಗಳ ಲೆಕ್ಕದಿಂದ ಉತ್ತರ ಆರಂಭಿಸಿ.